ಅಚ್ಚಿನ ಕೆಳಗೆ ಯಾರ ಸಹಿ?

ಕೈಯಿಂದ ಒತ್ತಿದ ಅಚ್ಚುಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಮೂರು ಸಂಗತಿಗಳನ್ನು ಬರೆಯುವುದು ರೂಢಿ. ಎಡಕ್ಕೆ 3/10 ಎಂಬಂಥ ಸಂಖ್ಯೆ, ನಡುವೆ ಚಿತ್ರದ ಹೆಸರು, ಬಲಕ್ಕೆ ಕಲಾವಿದರ ಸಹಿ. ಸಂಖ್ಯೆ ಎಂದರೆ ಕೊಟ್ಟ ಮಾತು: ಈ ಪ್ಲೇಟಿನಿಂದ ತೆಗೆದದ್ದು ಹತ್ತೇ ಪ್ರತಿ, ಇದು ಮೂರನೆಯದು, ಹನ್ನೊಂದನೆಯದು ಬರುವುದಿಲ್ಲ. ಸಹಿಯೂ ಒಂದು ಮಾತೇ: ಇದನ್ನು ಮಾಡಿದ್ದು ನಾನು. ಮೊದಲ ಮಾತನ್ನು ಮುರಿದರೆ ಮೋಸ ಎಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯ ಮಾತು ಎಷ್ಟು ನಿಜ ಎಂದು ಕೇಳುವವರು ಕಡಿಮೆ.

ಈಗ ಕೇಳಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. ಎಚಿಂಗ್, ಲಿನೊಕಟ್, ಮರದಚ್ಚುಗಳನ್ನು ಎರಡು ಮೂರು ದಿನಗಳ ಕಾರ್ಯಾಗಾರಗಳಲ್ಲಿ ಕಲಿಸಿಕೊಡುವುದುಂಟು. ದೃಶ್ಯಕಲೆಯ ಪದವಿಗೆ ನಾಲ್ಕು ವರ್ಷ ಬೇಕು. ಇದಕ್ಕೆ ಶನಿವಾರ, ಭಾನುವಾರ ಸಾಕು. ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋದ ನನ್ನಂಥವರು ಭಾನುವಾರ ಸಂಜೆ ನಮ್ಮ ಸಹಿಯಿರುವ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಮರಳುತ್ತೇವೆ.

ಆ ಹಾಳೆ ಹೇಗೆ ತಯಾರಾಯಿತು ನೋಡಿ. ಎಚಿಂಗ್‌ನಲ್ಲಿ ತಾಮ್ರದ ಅಥವಾ ಸತುವಿನ ತಗಡಿನ ಮೇಲೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸುತ್ತಾರೆ. ಗೀರಿದಲ್ಲಿ ಮಾತ್ರ ಲೋಹ ಸವೆಯುತ್ತದೆ. ಆ ಕುಳಿಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ನೆನೆಸಿದ ಕಾಗದವಿಟ್ಟು ಪ್ರೆಸ್ಸಿನಲ್ಲಿ ಹಾಯಿಸಿದರೆ ಚಿತ್ರ ಮೂಡುತ್ತದೆ. ಇಷ್ಟರಲ್ಲಿ ಹೊಸಬರು ಪೂರ್ತಿ ತಾವೇ ಮಾಡುವುದು ಗೀರುವ ಕೆಲಸವೊಂದೇ. ತಗಡಿನ ಅಂಚನ್ನು ಅರದಿಂದ ಉಜ್ಜಿ, ಜಿಡ್ಡು ತೆಗೆದು, ಲೇಪ ಹಚ್ಚಿಟ್ಟವರು ಬೇರೆ. ಆಮ್ಲದಲ್ಲಿ ಎಷ್ಟು ನಿಮಿಷ ಬಿಡಬೇಕು, ಕಾಗದ ಎಷ್ಟು ತೇವ ಇರಬೇಕು, ಪ್ರೆಸ್ಸಿನ ಒತ್ತಡ ಎಷ್ಟು ಎಂದು ತೀರ್ಮಾನಿಸಿದವರೂ ಬೇರೆ. ಒರೆಸುವಾಗಲೂ ಪಕ್ಕದಲ್ಲಿ ನಿಂತು 'ಇನ್ನೊಂದು ಸಲ', 'ಸಾಕು, ನಿಲ್ಲಿಸಿ' ಎನ್ನುವವರು ಅವರೇ. ಕೊನೆಗೆ ಪೆನ್ಸಿಲು ಬರುವುದು ನಮ್ಮ ಕೈಗೆ.

ಇದರಲ್ಲೇನು ತಪ್ಪು ಎನ್ನಬಹುದು. ಕವಿ ಕಾಗದ ಮಾಡುವುದಿಲ್ಲ, ವೀಣೆ ನುಡಿಸುವವರು ಹಲಸಿನ ಮರ ಕಡಿಯುವುದಿಲ್ಲ. ಎಲ್ಲ ಕಲೆಯೂ ಯಾರದೋ ದುಡಿಮೆಯ ಮೇಲೆ ನಿಂತಿದೆ. ಈ ಮಾತು ನಿಜ, ಆದರೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಕಾಗದ ಮಾಡಿದವರು ಕವಿತೆಯ ಒಂದಕ್ಷರವನ್ನೂ ಬದಲಿಸುವುದಿಲ್ಲ. ತಗಡನ್ನು ಒರೆಸುವ ಕೈ ಚಿತ್ರವನ್ನೇ ಬದಲಿಸುತ್ತದೆ. ಒಂದು ಒರೆತ ಹೆಚ್ಚಾದರೆ ಮೋಡ ಬಿಸಿಲಾಗುತ್ತದೆ. ಆಮ್ಲದಲ್ಲಿ ಐದು ನಿಮಿಷ ಹೆಚ್ಚಾದರೆ ಬೂದು ಕಪ್ಪಾಗುತ್ತದೆ. ಇನ್ನೊಬ್ಬರ ದುಡಿಮೆಯ ಜೊತೆಗೆ ಅವರ ವಿವೇಚನೆಯೂ ಕೃತಿಯೊಳಗೆ ಸೇರಿದಾಗ, ಕೂಲಿ ಅಥವಾ ಶುಲ್ಕ ಕೊಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ ಎಂದು ನನಗನ್ನಿಸುತ್ತದೆ. ಪಿಎಚ್.ಡಿ. ಪ್ರಬಂಧದ ಮೊದಲ ಪುಟಗಳಲ್ಲಿ ಕೃತಜ್ಞತೆ ಬರೆಯದೆ ಬಿಡುವುದನ್ನು ನಾವು ಅನುಚಿತ ಎನ್ನುತ್ತೇವೆ. ಅಚ್ಚುಚಿತ್ರಕ್ಕೆ ಆ ಪುಟವೇ ಇಲ್ಲ.

ಅಚ್ಚಿನ ಚರಿತ್ರೆಯಲ್ಲಿ ಈ ಮರೆವು ಹಳೆಯದು. ಜಪಾನಿನ ಹೊಕುಸಾಯಿ ಸುಮಾರು 1831ರಲ್ಲಿ ರಚಿಸಿದ ದೊಡ್ಡ ಅಲೆಯ ಚಿತ್ರ ಲೋಕಪ್ರಸಿದ್ಧ. ಅದರ ಗೆರೆಯನ್ನು ಮರದಲ್ಲಿ ಕೆತ್ತಿದವರು ಒಬ್ಬರು, ಬಣ್ಣ ಹಚ್ಚಿ ಒತ್ತಿದವರು ಇನ್ನೊಬ್ಬರು. ಹಾಳೆಯ ಮೇಲಿರುವುದು ಹೊಕುಸಾಯಿಯ ಹೆಸರು. ನಮ್ಮ ದೇವರ ಕೋಣೆಗಳಿಗೆ ಲಕ್ಷ್ಮಿ, ಸರಸ್ವತಿಯರನ್ನು ತಂದದ್ದು ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಕಲ್ಲಚ್ಚಿನ ಪ್ರೆಸ್ಸು. ತೈಲಚಿತ್ರವನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಮೇಲೆ ಮತ್ತೆ ಬರೆದ ಕೈಗಳನ್ನು ಪಟಕ್ಕೆ ಕೈಮುಗಿಯುವ ನಾವು ನೆನೆಯುವುದಿಲ್ಲ. 1843ರ ಜುಲೈ 1ರಂದು ಹೊರಬಂದ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ಸಂಪಾದಕ ಹರ್ಮನ್ ಮೋಗ್ಲಿಂಗರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಕಲ್ಲಿಗೆ ಶಾಯಿ ಹಚ್ಚಿದವರು ಯಾರೆಂದು ನಾವು ಕೇಳಿಯೂ ಇಲ್ಲ.

ವಿದ್ಯುತ್ ಮಗ್ಗದ ಊರಾದ ದೊಡ್ಡಬಳ್ಳಾಪುರದವರಿಗೆ ಇದು ದಿನನಿತ್ಯದ ಸಂಗತಿ. ಸೀರೆಯ ಅಂಚಿನ ಹೂವನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿದವರು, ಅದನ್ನು ಜಕಾರ್ಡ್ ಕಾರ್ಡಿನಲ್ಲಿ ತೂತುಗಳಾಗಿ ಕೊರೆದವರು, ಹರಿದ ಎಳೆಯನ್ನು ಗಂಟು ಹಾಕುತ್ತ ನೇಯ್ದವರು ಬೇರೆ ಬೇರೆ. ಡಬ್ಬದ ಮೇಲೆ ಮಾತ್ರ ಅಂಗಡಿಯ ಹೆಸರು.

ಆದರೆ ಅದೇ ಊರು ಇನ್ನೊಂದು ಮಾತನ್ನೂ ಕಲಿಸುತ್ತದೆ. ಕಸುಬನ್ನು ವರ್ಷಗಟ್ಟಲೆ ಪಳಗಿಯೇ ಕಲಿಯಬೇಕು ಎಂಬ ಹಳೆಯ ಕ್ರಮ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಮಗ್ಗದ ಕೆಲಸವನ್ನು ಬಹುಮಟ್ಟಿಗೆ ಆ ಮನೆತನದಲ್ಲಿ ಹುಟ್ಟಿದವರೇ ಕಲಿತರು. ಜಾತಿ, ಮನೆತನ, ಗಂಡು ಹೆಣ್ಣು ಎಂಬ ಲೆಕ್ಕ ನೋಡದೆ, ಬಂದವರ ಕೈಗೆ ಸೂಜಿ ಕೊಡುವ ಕಾರ್ಯಾಗಾರವನ್ನು 'ಎರಡು ದಿನದ ಶೋಕಿ' ಎಂದು ತಳ್ಳಿಹಾಕುವುದು ಅನ್ಯಾಯ. ಶುಲ್ಕವೂ ಒಂದು ಬಾಗಿಲೇ, ಅದೂ ಕೆಲವರಿಗೆ ಮುಚ್ಚಿದೆ. ಆದರೂ ಹುಟ್ಟಿನ ಬಾಗಿಲಿಗಿಂತ ಇದನ್ನು ತಳ್ಳಿ ತೆರೆಯುವುದು ಸುಲಭ.

ಹಾಗಾದರೆ ಎರಡು ದಿನದಲ್ಲಿ ಸಿಗುವುದೇನು? ಕನ್ನಡದ ಗಾದೆಯೊಂದು ಇದನ್ನು ಸರಿಯಾಗಿ ಹಿಡಿದಿದೆ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು. ಮನೆ ಕಟ್ಟಿಸಿದವರು ಗಾರೆ ಕೆಲಸದವರಾಗುತ್ತಾರೆ ಎಂದು ಗಾದೆ ಹೇಳುವುದಿಲ್ಲ. ಒಂದು ಗೋಡೆ ಏಳಲು ಏನೇನು ಬೇಕು ಎಂಬುದು ಕಣ್ಣಿಗೆ ಬೀಳುತ್ತದೆ ಎನ್ನುತ್ತದೆ. ಕಾರ್ಯಾಗಾರದ ಫಲವೂ ಅಂಥ ನೋಟ. ತಗಡನ್ನು ಒಮ್ಮೆ ಒರೆಸಿ ಅಂಗೈ ಕಪ್ಪಾದವರು ಮುಂದೆ ಚಿತ್ರಸಂತೆಯಲ್ಲಿ ಅಚ್ಚುಚಿತ್ರದ ಮುಂದೆ ನಿಂತು 'ಪ್ರಿಂಟ್ ತಾನೆ, ಇಷ್ಟು ಬೆಲೆಯೇ?' ಎಂದು ಕೇಳಲಾರರು. ಆ ನೋಟ ಬಾರದೆ ಬರೀ ಹಾಳೆ ಮನೆಗೆ ಬಂದರೆ, ನಾವು ಕೊಂಡದ್ದು ಇನ್ನೊಬ್ಬರ ಕೌಶಲ, ಹಾಕಿದ್ದು ನಮ್ಮ ಹೆಸರು.

ಇದಕ್ಕೆ ಪರಿಹಾರ ಅಚ್ಚುಕಲೆಯೊಳಗೇ ಇದೆ. ಕಲ್ಲಚ್ಚು ಒತ್ತಬಲ್ಲ ಮುದ್ರಕರು ಅಮೆರಿಕದಲ್ಲಿ ಇಲ್ಲವಾಗುತ್ತಿದ್ದ ಕಾಲದಲ್ಲಿ ಕಲಾವಿದೆ ಜೂನ್ ವೇಯ್ನ್ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ಕಾರ್ಯಾಗಾರ ಕಟ್ಟಿದರು. ಅಲ್ಲಿನ ಹಾಳೆಗಳ ಅಂಚಿನಲ್ಲಿ ಕಾರ್ಯಾಗಾರದ ಗುರುತಿನ ಜೊತೆಗೆ ಒತ್ತಿದವರ ಗುರುತೂ ಶಾಯಿಯಿಲ್ಲದ ಉಬ್ಬು ಮುದ್ರೆಯಾಗಿ ಇರುತ್ತದೆ. ಕಲಾವಿದರು 'ಹೀಗೇ ಒತ್ತಿ' ಎಂದು ಒಪ್ಪಿದ ಮಾದರಿ ಪ್ರತಿಯನ್ನು ಮುದ್ರಕರಿಗೇ ಬಿಟ್ಟುಕೊಡುವ ಸಂಪ್ರದಾಯವೂ ಈ ಕಸುಬಿನಲ್ಲಿದೆ.

ನಮ್ಮ ಕಾರ್ಯಾಗಾರಗಳಿಗೆ ಅಷ್ಟೂ ಬೇಕಿಲ್ಲ. ಸಹಿ ಹಾಕುವ ಪೆನ್ಸಿಲಿನಲ್ಲೇ ಹಾಳೆಯ ಹಿಂಬದಿಗೆ ಇನ್ನೊಂದು ಸಾಲು ಬರೆಯಬಹುದು: ಲೇಪ ಹಚ್ಚಿದವರು ಇಂಥವರು, ಒತ್ತಲು ನೆರವಾದವರು ಇಂಥವರು. ಆ ಸಾಲು ಬರೆಯಲು ಅವರ ಹೆಸರು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ, ಸಹಿಗೆ ಮೊದಲು ಕೇಳಿ ತಿಳಿದುಕೊಳ್ಳಬೇಕು.