ಒಂಬತ್ತರ ಒಳಗುಟ್ಟು

ರಾಜಕಾರಣಿಯ ಮಾತನ್ನು ಅನುಮಾನದಿಂದ ಕೇಳಬೇಕು ಎನ್ನುವವನು ನಾನು. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಅನುಮಾನ ಎಲ್ಲಿ ಮುಗಿದು ಗುಪ್ತಾರ್ಥದ ಬೇಟೆ ಎಲ್ಲಿ ಶುರುವಾಗುತ್ತದೆ?

2020ರ ಏಪ್ರಿಲ್ 3ರಂದು ಪ್ರಧಾನಿ ನರೇಂದ್ರ ಮೋದಿ ವಿಡಿಯೊ ಸಂದೇಶವೊಂದನ್ನು ಕೊಟ್ಟರು. 5ನೇ ತಾರೀಕು ರಾತ್ರಿ 9 ಗಂಟೆಗೆ 9 ನಿಮಿಷ ಮನೆಯ ದೀಪ ಆರಿಸಿ ಹಣತೆ, ಮೊಂಬತ್ತಿ, ಟಾರ್ಚು ಬೆಳಗಿಸಿ ಎಂದರು. ಕೊರೊನಾ ಕಾಲದಲ್ಲಿ ಯಾರೂ ಒಂಟಿಯಲ್ಲ ಎಂದು ತೋರಿಸಲು ಎಂಬ ಕಾರಣವನ್ನೂ ಹೇಳಿದ್ದರು. ಅಷ್ಟು ಸಾಲಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಗಣಿತ ಶುರುವಾಯಿತು. 5ನೇ ತಾರೀಕು, 4ನೇ ತಿಂಗಳು, ಕೂಡಿದರೆ 9. ಅದು ಮಂಗಳನ ಸಂಖ್ಯೆ. ಕೋಟ್ಯಂತರ ದೀಪಗಳ ಶಾಖಕ್ಕೆ ವೈರಾಣು ಸಾಯುತ್ತದೆ. ಇತ್ತ ನಮ್ಮ ಎಚ್.ಡಿ. ಕುಮಾರಸ್ವಾಮಿಯವರು ಏಪ್ರಿಲ್ 6 ಬಿಜೆಪಿಯ ಸಂಸ್ಥಾಪನಾ ದಿನ ಎಂಬುದನ್ನು ನೆನಪಿಸಿ, ಈ ದಿನ, ಈ ಹೊತ್ತನ್ನೇ ಆರಿಸಿದ್ದಕ್ಕೆ ವೈಜ್ಞಾನಿಕ ವಿವರಣೆ ಕೊಡಿ ಎಂದು ಸವಾಲು ಹಾಕಿದರು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಎರಡನೆಯದು ಹೇಳಿದವರನ್ನೇ ಕೇಳಿದ ಪ್ರಶ್ನೆ, ಉತ್ತರಕ್ಕೆ ಜಾಗವಿತ್ತು. ಆದರೂ ತಾರೀಕು ಅಕ್ಕಪಕ್ಕ ಬಿದ್ದ ಮಾತ್ರಕ್ಕೆ ಉದ್ದೇಶ ಸಾಬೀತಾಗುವುದಿಲ್ಲ. ಮಹಾಪೆಯಲ್ಲಿ ನನ್ನ ತಂಡದ ಸರ್ವರ್ ಬಿದ್ದಾಗಲೂ ಇದೇ ಗೊಂದಲ: ಹನ್ನೊಂದಕ್ಕೆ ಒಬ್ಬ ಕೋಡ್ ಬದಲಿಸಿದ, ಹನ್ನೊಂದೂ ಐದಕ್ಕೆ ಸರ್ವರ್ ಬಿತ್ತು, ಹಾಗಾಗಿ ಅವನೇ ಕಾರಣ. ಆಗ ನಾನು ಕೇಳುವುದು ಒಂದೇ: ಏನು ಕಂಡರೆ ಈ ಊಹೆಯನ್ನು ಬಿಡುತ್ತೀರಿ? ಅದಕ್ಕೆ ಉತ್ತರವಿಲ್ಲದಿದ್ದರೆ ಅದು ಊಹೆಯೂ ಅಲ್ಲ, ನಂಬಿಕೆ.

ಅದೇ ಸಂದೇಶವನ್ನು ಅಕ್ಷರಶಃ ಓದಿದವರೂ ಇದ್ದರು: ವಿದ್ಯುತ್ ಗ್ರಿಡ್‌ನ ಎಂಜಿನಿಯರುಗಳು. ದೇಶವೆಲ್ಲ ಒಟ್ಟಿಗೆ ದೀಪ ಆರಿಸಿದರೆ ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್ ಕುಸಿಯಬಹುದು ಎಂದು ಅಂದಾಜಿಸಿದರು. ಕುಸಿದದ್ದು ಸುಮಾರು 31 ಸಾವಿರ. ಆದರೂ ಬೇಕಾದಾಗ ಇಳಿಸಿ ಏರಿಸಬಲ್ಲ ಜಲವಿದ್ಯುತ್ತನ್ನು ಸಿದ್ಧವಾಗಿಟ್ಟಿದ್ದರಿಂದ ಗ್ರಿಡ್ ನಿಂತಿತು. ಅಂದಾಜು ತಪ್ಪಿದ್ದನ್ನು ಮೀಟರು ಹೇಳಿತು. ಮಂಗಳನ ಲೆಕ್ಕಕ್ಕೆ ಅಂಥ ಮೀಟರಿಲ್ಲ. ಸೋಂಕು ಇಳಿದರೂ ಏರಿದರೂ ಅದು ಸರಿಯೇ.

ಒಗಟು ಬಿಡಿಸುವುದು ನಮಗೇನು ಹೊಸತಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕವನ್ನು ಮಳೆ, ಬೆಳೆ, ಸರ್ಕಾರ ಎಂದು ಜನ ತಮಗೆ ತೋಚಿದಂತೆ ಅರ್ಥೈಸುತ್ತಾರೆ. ಆದರೆ ಅಲ್ಲಿ ಅದು ಒಗಟೆಂದು ಎಲ್ಲರಿಗೂ ಗೊತ್ತು. ಪಕ್ಕದವನ ಅರ್ಥ ಬೇರೆಯಾದರೆ ಅವನು ದ್ರೋಹಿಯಾಗುವುದಿಲ್ಲ.

ಗುಪ್ತಾರ್ಥದ ಬೇಟೆಯಲ್ಲಿ ಭಕ್ತನಿಗೂ ವಿರೋಧಿಗೂ ಒಂದು ನಂಬಿಕೆ ಸಮಾನ: ಮಾತಾಡುವವನಿಗೆ ಎಲ್ಲವೂ ಗೊತ್ತಿದೆ. ಒಬ್ಬನಿಗೆ ಅವನು ದೇವರು, ಇನ್ನೊಬ್ಬನಿಗೆ ಮಾಯಾವಿ. ಅಧಿಕಾರದಲ್ಲಿರುವವರಿಗೂ ನಮ್ಮ ಹಾಗೇ ತಿಳಿಯದೆ ಹೋಗಬಹುದು, ಅವಸರವಾಗಬಹುದು ಎಂಬುದು ಇಬ್ಬರಿಗೂ ಬೇಡ. ಊರಿನಿಂದ ದೂರ, ಬಾಗಿಲು ಹಾಕಿಕೊಂಡು ಕೂತ ನಮಗೆ ಆ ದಿನಗಳಲ್ಲಿ ಈ ಸಮಾಧಾನ ಎಷ್ಟು ಬೇಕಾಗಿತ್ತು ಎಂಬುದನ್ನೂ ನಾನು ಬಲ್ಲೆ. ಊರಿನ ಗುಂಪಿನಲ್ಲಿ ಅದನ್ನು ಕಳಿಸಿದ ಹಿರಿಯರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ.

ಆದರೆ ಈ ಸಮಾಧಾನಕ್ಕೆ ಬೆಲೆಯಿದೆ. ಮಾರ್ಚ್ 24ರ ರಾತ್ರಿ 8ಕ್ಕೆ ಹೇಳಿ 12ಕ್ಕೆ ದೇಶಕ್ಕೆ ಬೀಗ ಹಾಕಿದ ಸಂದೇಶದಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ದಿನಗೂಲಿಯವನು ನಾಳೆ ಏನು ತಿನ್ನಬೇಕು, ಬಾಡಿಗೆ ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ಆ ನಾಲ್ಕು ಗಂಟೆಯ ಅವಧಿಯಲ್ಲೇ ಬಯಲಾಗಿತ್ತು. ಅದನ್ನು ಕಾಣಲು ಸಂಖ್ಯಾಶಾಸ್ತ್ರ ಬೇಕಿರಲಿಲ್ಲ. ಮುಂಬಯಿ–ನಾಸಿಕ್ ಹೆದ್ದಾರಿಯಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದವರೂ ನಮ್ಮಂತೆಯೇ ವಲಸಿಗರು. ಒಳಾರ್ಥ ಹುಡುಕಲು ಜಾಣತನ ಸಾಕು. ಹೊರಗೇ ಕಾಣುವ ಅರ್ಥ ಮಾತ್ರ ನಮ್ಮಿಂದ ಏನನ್ನಾದರೂ ಕೇಳುತ್ತದೆ: ಒಂದು ಪ್ರಶ್ನೆ, ಒಂದು ಊಟ, ಒಂದು ಮತ.