ಇಪ್ಪತ್ತು ಎಸೆತಗಳು

ನಿಯಮವನ್ನು ಒಂದಿಷ್ಟೂ ಮೀರದೆ ಅನ್ಯಾಯ ಮಾಡಲು ಸಾಧ್ಯವೇ? ಈ ಪ್ರಶ್ನೆ ನಮಗೆ ಹೊಸದಲ್ಲ. ಆಸ್ತಿ ಪಾಲಿನಲ್ಲಿ, ಅಂಗಡಿಯ ತಕ್ಕಡಿಯ ಮುಂದೆ, ಕಚೇರಿಯ ಕಡತಗಳ ನಡುವೆ ಅದು ಎದುರಾಗುತ್ತಲೇ ಇರುತ್ತದೆ. ಕಾಗದಪತ್ರ ಸರಿಯಾಗಿದೆ, ಸಹಿ ಸರಿಯಾಗಿದೆ, ಆದರೂ ತಮ್ಮನ ಪಾಲು ತಮ್ಮನಿಗೆ ದಕ್ಕಿಲ್ಲ ಎಂಬಂಥ ಪ್ರಸಂಗಗಳು ಯಾವ ಊರಿನಲ್ಲಿಲ್ಲ? ಆದರೆ ಅಲ್ಲೆಲ್ಲ ಹಣ, ಜಮೀನು, ಹಳೆಯ ಹಗೆ ಬೆರೆತು ಪ್ರಶ್ನೆಯೇ ರಾಡಿಯಾಗಿಬಿಡುತ್ತದೆ. ಆಟದ ಮೈದಾನದಲ್ಲಿ ಅದು ತಿಳಿಯಾಗಿ ಕಾಣಿಸುತ್ತದೆ. ಅದಕ್ಕೆಂದೇ ನಾವು ಇಲ್ಲಿ ನಮ್ಮದಲ್ಲದ ಒಂದು ದೇಶದ, ನಮ್ಮಲ್ಲಿ ಹೆಚ್ಚು ಜನ ಆಡದ ಒಂದು ಆಟದ ಕತೆಯನ್ನು ಎತ್ತಿಕೊಂಡಿದ್ದೇವೆ.

ಜಪಾನಿನಲ್ಲಿ ಬೇಸಿಗೆ ಎಂದರೆ ಕೋಶಿಯೆನ್. ಒಸಾಕಾ ನಗರಕ್ಕೆ ಹತ್ತಿರದ ನಿಶಿನೊಮಿಯಾದಲ್ಲಿ 1924ರಲ್ಲಿ ಕಟ್ಟಿದ ಕ್ರೀಡಾಂಗಣದ ಹೆಸರು ಅದು. ಪ್ರತಿ ಆಗಸ್ಟ್‌ನಲ್ಲಿ ಇಡೀ ದೇಶದ ಪ್ರೌಢಶಾಲಾ ಬೇಸ್‌ಬಾಲ್ ತಂಡಗಳ ಅಂತಿಮ ಹಂತದ ಪಂದ್ಯಗಳು ಅಲ್ಲಿ ನಡೆಯುತ್ತವೆ. ಪಂದ್ಯಾವಳಿ ಶುರುವಾದದ್ದು 1915ರಲ್ಲಿ. ಯುದ್ಧದ ವರ್ಷಗಳಲ್ಲಿ ನಿಂತಿತ್ತು, 2020ರಲ್ಲಿ ಕೊರೊನಾದಿಂದಾಗಿ ರದ್ದಾಯಿತು. ಉಳಿದಂತೆ ಹೆಚ್ಚುಕಡಿಮೆ ನಿರಂತರ. ಸಾವಿರಾರು ಶಾಲೆಗಳು ತಂತಮ್ಮ ಪ್ರಾಂತಗಳಲ್ಲಿ ಸೆಣಸಿ, ಕೊನೆಗೆ 49 ತಂಡಗಳು ಇಲ್ಲಿಗೆ ಬರುತ್ತವೆ. ಒಂದೇ ಒಂದು ಸೋಲು, ಮನೆಗೆ ದಾರಿ. ಪಂದ್ಯಕ್ಕೆ ಮೊದಲು ಮತ್ತು ನಂತರ ಎರಡೂ ತಂಡದ ಹುಡುಗರು ಎದುರುಬದುರು ಸಾಲಾಗಿ ನಿಂತು ತಲೆಬಾಗಿ ವಂದಿಸುತ್ತಾರೆ. ಗೆದ್ದ ಶಾಲೆಯ ಗೀತೆಯನ್ನು ಧ್ವನಿವರ್ಧಕದಲ್ಲಿ ಹಾಕುತ್ತಾರೆ. ಸೋತ ಹುಡುಗರು ಅಳುತ್ತ ಮೈದಾನದ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು ಒಯ್ಯುತ್ತಾರೆ. ಲಾಭಕ್ಕಾಗಿ ಆಡುವ ಆಟ ಇದಲ್ಲ, ಹುಡುಗರ ಚಾರಿತ್ರ್ಯ ರೂಪಿಸುವ ಆಟ ಎಂದು ಜಪಾನೀಯರು ನಂಬಿಕೊಂಡು ಬಂದಿದ್ದಾರೆ.

ಮುಂದಿನ ಕತೆಗೆ ಆಟದ ಒಂದು ನಿಯಮ ತಿಳಿದಿರಬೇಕು. ಚೆಂಡೆಸೆಯುವ ಪಿಚರ್, ಬ್ಯಾಟ್ ಹಿಡಿದವನಿಗೆ ನಿಲುಕುವ ಒಂದು ಚೌಕಟ್ಟಿನೊಳಗೆ ಎಸೆಯಬೇಕು. ನಾಲ್ಕು ಸಲ ಅದರ ಹೊರಗೆ ಎಸೆದರೆ, ಬ್ಯಾಟ್ಸ್‌ಮನ್ ಏನೂ ಮಾಡದೆಯೇ ಮೊದಲ ಬೇಸಿಗೆ ನಡೆದುಹೋಗಬಹುದು. ಕ್ರಿಕೆಟ್ಟಿನ ವೈಡ್‌ಗೆ ಒಂದು ರನ್ ಕೊಡುವಂತೆ ಇದೂ ದಂಡವೇ. ಆದರೆ ಎದುರಿಗಿರುವವನು ಹೊಡೆತಗಾರನಾದರೆ ಈ ದಂಡ ಅಗ್ಗ. ಬೇಕೆಂದೇ ನಾಲ್ಕು ಚೆಂಡು ದೂರ ಎಸೆದು, ಅವನನ್ನು ಮೊದಲ ಬೇಸಿಗೆ ಸಾಗಹಾಕಿ, ಅವನ ನಂತರದ ಬಡಪಾಯಿಯನ್ನು ಎದುರಿಸಿದರಾಯಿತು. ಜಪಾನಿ ಭಾಷೆಯಲ್ಲಿ ಇದಕ್ಕೆ 'ಕೇಯೆನ್' ಎನ್ನುತ್ತಾರೆ. ಗೌರವಿಸಿ ದೂರವಿಡುವುದು ಎಂದು ಅದರ ಅಕ್ಷರಾರ್ಥ. ಭೂತದೈವಗಳನ್ನು ಗೌರವಿಸು, ಆದರೆ ದೂರವಿಡು ಎಂಬ ಕನ್‌ಫ್ಯೂಶಿಯಸ್‌ನ ಮಾತಿನಿಂದ ಬಂದ ಪದ. ನಮ್ಮಲ್ಲೂ ಇಂಥದೊಂದು ನುಡಿಗಟ್ಟಿದೆಯಲ್ಲ: 'ಅವರಿಗೆ ದೂರದಿಂದಲೇ ಒಂದು ನಮಸ್ಕಾರ'. ಉರ್ದುವಿನಲ್ಲಿ 'ದೂರ್ ಸೇ ಸಲಾಮ್'.

1992ರ ಆಗಸ್ಟ್ 16ರಂದು ಎರಡನೇ ಸುತ್ತಿನಲ್ಲಿ ಇಶಿಕಾವಾ ಪ್ರಾಂತದ ಸೇರ್ಯೊ ಶಾಲೆಗೂ ಶಿಕೊಕು ದ್ವೀಪದ ಕೋಚಿ ಪ್ರಾಂತದ ಮೇತೊಕು ಗಿಜುಕು ಶಾಲೆಗೂ ಪಂದ್ಯ. ಸೇರ್ಯೊ ತಂಡದಲ್ಲಿ 18 ವರ್ಷದ ಹಿದೆಕಿ ಮತ್ಸುಯಿ ಎಂಬ ಹುಡುಗನಿದ್ದ. 'ಗಾಡ್ಜಿಲ್ಲಾ' ಎಂಬ ಅಡ್ಡಹೆಸರು ಆಗಲೇ ಬಿದ್ದಿತ್ತು. ಆ ದಿನ ಅವನು ಐದು ಸಲ ಬ್ಯಾಟ್ ಹಿಡಿದು ಬಂದ. ಐದು ಸಲವೂ ಮೇತೊಕು ಪಿಚರ್ ಚೆಂಡನ್ನು ಅವನ ನಿಲುಕಿನ ಆಚೆಗೆ ಎಸೆದ. ಒಟ್ಟು ಇಪ್ಪತ್ತು ಎಸೆತ. ಮೊದಲ ಮೂರು ಸಲ ಬೇಸುಗಳಲ್ಲಿ ಓಟಗಾರರಿದ್ದರು, ಜನ ಸಹಿಸಿಕೊಂಡರು. ಏಳನೇ ಇನಿಂಗ್ಸಿನಲ್ಲಿ ಬೇಸುಗಳು ಖಾಲಿ, ಎರಡು ಔಟ್. ಆಗಲೂ ದೂರ ಎಸೆದಾಗ ಗ್ಯಾಲರಿ ಕೆರಳಿತು. ಒಂಬತ್ತನೇ ಇನಿಂಗ್ಸಿನಲ್ಲಿ ಸೇರ್ಯೊ 2-3ರಿಂದ ಹಿಂದಿದೆ, ಎರಡು ಔಟ್, ಮೂರನೇ ಬೇಸಿನಲ್ಲಿ ಓಟಗಾರ. ಮತ್ತೆ ನಾಲ್ಕು ಚೆಂಡು ಹೊರಗೆ. 50 ಸಾವಿರಕ್ಕೂ ಮಿಕ್ಕಿದ ಜನ ಸೇರಿದ್ದ ಕ್ರೀಡಾಂಗಣದಿಂದ ಕೈಗೆ ಸಿಕ್ಕ ವಸ್ತುಗಳೆಲ್ಲ ಮೈದಾನಕ್ಕೆ ತೂರಿಬಂದವು. ಆಟ ನಿಂತಿತು. ಮತ್ತೆ ಶುರುವಾದಾಗ ಮುಂದಿನ ಬ್ಯಾಟ್ಸ್‌ಮನ್ ಔಟಾದ, ಮೇತೊಕು ಗೆದ್ದಿತು. ಗೆದ್ದ ಶಾಲೆಯ ಗೀತೆ 'ಹಿಂದಕ್ಕೆ ಹೋಗಿ' ಎಂಬ ಕೂಗಿನಲ್ಲಿ ಮುಳುಗಿಹೋಯಿತು. ತಂಡ ಇಳಿದುಕೊಂಡಿದ್ದ ಜಾಗಕ್ಕೆ ಬೆದರಿಕೆಯ ಕರೆಗಳು ಬಂದವು. ಮುಂದಿನ ಪಂದ್ಯದಲ್ಲಿ ಅದೇ ತಂಡ ಹಿರೊಶಿಮಾದ ಶಾಲೆಯೊಂದಕ್ಕೆ 0-8ರಿಂದ ಸೋತಿತು.

ನಿಯಮದ ಪ್ರಕಾರ ಇಲ್ಲಿ ತಪ್ಪೇ ಇಲ್ಲ. ಪ್ರೌಢಶಾಲಾ ಬೇಸ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಮಾಕಿನೊ ಅವರು ಅಂದು ಒಂದು ಗೆರೆ ಎಳೆಯಲು ನೋಡಿದರು. ಓಟಗಾರರಿದ್ದಾಗ ಹೀಗೆ ಮಾಡುವುದು ತಂತ್ರ, ಬೇಸು ಖಾಲಿಯಿದ್ದಾಗ ನೇರವಾಗಿ ಎದುರಿಸಬೇಕಿತ್ತು ಎಂದು ಅವರ ಅಭಿಪ್ರಾಯ. ಈ ಗೆರೆ ನಮಗೆ ಒಪ್ಪಿಗೆಯಾಗುವುದಿಲ್ಲ. ಅಂತರ ಒಂದೇ ರನ್ನಿನದಾಗಿದ್ದಾಗ ಖಾಲಿ ಬೇಸಿನಲ್ಲಿ ಹೊಡೆದ ಒಂದು ಹೋಮ್‌ರನ್ನೂ ಪಂದ್ಯವನ್ನು ಸಮ ಮಾಡುತ್ತದೆ. ಒಂದನೇ ಇನಿಂಗ್ಸಿನಲ್ಲಿ ಸರಿಯಾಗಿದ್ದ ಲೆಕ್ಕ ಏಳನೆಯದರಲ್ಲಿ ಯಾಕೆ ತಪ್ಪಾಗಬೇಕು?

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ 1981ರ ಫೆಬ್ರವರಿ 1 ನೆನಪಾಗಬಹುದು. ಮೆಲ್ಬರ್ನಿನಲ್ಲಿ ಕೊನೆಯ ಚೆಂಡಿಗೆ ನ್ಯೂಜಿಲೆಂಡಿಗೆ 6 ರನ್ ಬೇಕು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ತಮ್ಮ ಟ್ರೆವರ್‌ಗೆ ಹೇಳಿ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟರು. ನಿಯಮ ಆಗ ಅದನ್ನು ತಡೆದಿರಲಿಲ್ಲ. ಎರಡೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಮ್ಮ ಮಟ್ಟಿಗೆ ಒಂದಲ್ಲ. ಉರುಳಿದ ಚೆಂಡು ಎದುರಾಳಿಗೆ ಏನನ್ನೂ ಬಿಟ್ಟುಕೊಡಲಿಲ್ಲ, ಪಂದ್ಯವನ್ನೇ ಅಲ್ಲಿಗೆ ಕೊಂದಿತು. ಮೇತೊಕು ಪ್ರತಿ ಸಲವೂ ಬೆಲೆ ತೆತ್ತಿತು, ಒಂದು ಬೇಸನ್ನು ಪುಕ್ಕಟೆ ಕೊಟ್ಟಿತು. ಮುಂದಿನವನು ಒಂದು ಒಳ್ಳೆಯ ಹೊಡೆತ ಹೊಡೆದಿದ್ದರೆ ಆ ತಂತ್ರವೇ ಅವರ ಕುತ್ತಿಗೆಗೆ ಬರುತ್ತಿತ್ತು. ಅಪಾಯವನ್ನು ತಾನೂ ಹೊತ್ತವನನ್ನು ಮೋಸಗಾರ ಎನ್ನುವುದು ಕಷ್ಟ.

ಇನ್ನೊಂದು ಕಡೆ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನಿಂತಿದ್ದಾರೆ. 1980ರ ಫೆಬ್ರವರಿಯಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್‌ಗೆ ಅವರೇ ನಾಯಕ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡ ಮೇಲೆ ಆಡಲು ಬಂದ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾದ ವಿಶ್ವನಾಥ್ ಅವರನ್ನು ವಾಪಸು ಕರೆದರು. ಟೇಲರ್ 43 ರನ್ ಮಾಡಿದರು, ಬೋಥಮ್ ಜೊತೆ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಕನ್ನಡಿಗರಾದ ನಾವು ಈ ಕತೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಇದನ್ನು ಮೇತೊಕು ತರಬೇತುದಾರ ಶಿರೊ ಮಬುಚಿಯವರ ಮುಖಕ್ಕೆ ಹಿಡಿದು 'ನೋಡಿ, ಹೀಗಿರಬೇಕು' ಎನ್ನುವ ಮೊದಲು ಒಂದು ಕ್ಷಣ ತಡೆಯಬೇಕು. ವಿಶ್ವನಾಥ್ ಬಿಟ್ಟುಕೊಟ್ಟದ್ದು ಸುಳ್ಳಾಗಿ ಕೈಸೇರಿದ್ದನ್ನು. ಔಟಾಗದವನ ವಿಕೆಟ್ ಅವರದಾಗಿರಲೇ ಇಲ್ಲ, ಅದನ್ನು ಹಿಂದಿರುಗಿಸುವುದು ಸಾಲ ತೀರಿಸಿದಂತೆ. ಮಬುಚಿಯವರಿಂದ ಜನ ಕೇಳುತ್ತಿದ್ದದ್ದು ಬೇರೆ. ತಮ್ಮ ಹುಡುಗರದೇ ಆದ ಒಂದು ಅವಕಾಶವನ್ನು ನೋಡುಗರ ಸಂತೋಷಕ್ಕಾಗಿ ದಾನ ಮಾಡಿ ಎಂದು.

ಇಲ್ಲಿ ನಮಗೆ 'ಅಮಾನತ್' ಎಂಬ ಮಾತು ನೆನಪಾಗುತ್ತದೆ. ಒಬ್ಬರು ನಮ್ಮ ಬಳಿ ನಂಬಿ ಇಟ್ಟ ಒಡವೆ ಅದು. ಅದರಿಂದ ದಾನ ಮಾಡುವ ಹಕ್ಕು ನಮಗಿಲ್ಲ, ದಾನ ಎಷ್ಟೇ ಪುಣ್ಯದ ಕೆಲಸವಾಗಿರಲಿ. ಹುಡುಗರು ಇಷ್ಟು ವರ್ಷ ಬಿಸಿಲಲ್ಲಿ ಬೆಂದು ಕಟ್ಟಿದ ಒಂದು ಅವಕಾಶ ತರಬೇತುದಾರನ ಕೈಯಲ್ಲಿ ಅಮಾನತ್ತೇ. ಮತ್ಸುಯಿಯನ್ನು ಎದುರಿಸಿದರೆ ಗೆಲ್ಲಲಾರೆವು, ಹುಡುಗರ ನಡುವೆ ಅವನೊಬ್ಬ ವೃತ್ತಿಪರ ಆಟಗಾರನಿದ್ದಂತೆ ಎಂಬುದು ಮಬುಚಿಯವರ ಎಣಿಕೆಯಾಗಿತ್ತು. ಅಪ್ಪಣೆ ತಮ್ಮದೇ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು, ಹುಡುಗನ ಹಿಂದೆ ಅಡಗಲಿಲ್ಲ. ಇಷ್ಟರಮಟ್ಟಿಗೆ ನಾವು ಅವರ ಪಕ್ಷ.

ಆದರೆ ಇಷ್ಟಕ್ಕೇ ವಕೀಲಿ ಮುಗಿಯುವುದಿಲ್ಲ. ಆ ಇಪ್ಪತ್ತು ಚೆಂಡುಗಳನ್ನು ಎಸೆದ ಕೈ ಯಾರದು? ಆ ಹುಡುಗ ತಂಡದ ಮುಖ್ಯ ಪಿಚರ್ ಕೂಡ ಆಗಿರಲಿಲ್ಲ. ನಿರ್ಧಾರ ಹಿರಿಯರದು, ಬೈಗುಳ ಕಿರಿಯನಿಗೆ. ಗೆಲುವು ಅಮಾನತ್ತಾದರೆ ಆ ಹುಡುಗನ ಮನಸ್ಸೂ ಅಮಾನತ್ತಲ್ಲವೇ? ಅನ್ಯಾಯವೇನಾದರೂ ನಡೆದಿದ್ದರೆ ಅದು ಮತ್ಸುಯಿಗಿಂತ ಹೆಚ್ಚಾಗಿ ಈ ಹುಡುಗನಿಗೆ ನಡೆದಿದೆ ಎಂದು ನಮಗೆ ಅನ್ನಿಸುತ್ತದೆ. ಮತ್ಸುಯಿ ಬ್ಯಾಟ್ ಕೆಳಗಿಟ್ಟು ಸುಮ್ಮನೆ ಮೊದಲ ಬೇಸಿಗೆ ನಡೆದ. ಮುಖ ಸಿಂಡರಿಸಲಿಲ್ಲ, ಕೂಗಾಡಲಿಲ್ಲ. ಬ್ಯಾಟು ಬೀಸದೆಯೇ ಅವನ ಹೆಸರು ಆ ಸಂಜೆ ದೇಶದ ಮನೆಮನೆಗೆ ತಲುಪಿತು. ಐದು ಸಲ ದೂರವಿಡಲು ತಕ್ಕ ಆಟಗಾರ ತಾನೆಂದು ಸಾಬೀತು ಮಾಡಬೇಕೆಂಬ ಹಟ ಅಂದಿನಿಂದ ತನ್ನಲ್ಲಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಯೊಮಿಯುರಿ ಜೈಂಟ್ಸ್‌ಗೆ ಆಡಿದರು, ನ್ಯೂಯಾರ್ಕ್ ಯಾಂಕೀಸ್‌ಗೆ ಆಡಿದರು, 2009ರ ವರ್ಲ್ಡ್ ಸೀರೀಸ್‌ನಲ್ಲಿ ಅತ್ಯುತ್ತಮ ಆಟಗಾರರಾದರು. ಮಬುಚಿಯವರೂ ನೆಲಕಚ್ಚಲಿಲ್ಲ, 2002ರಲ್ಲಿ ಮೇತೊಕು ತಂಡವನ್ನು ಕೋಶಿಯೆನ್ ಚಾಂಪಿಯನ್ ಮಾಡಿದರು, 2023ರಲ್ಲಿ ಅವರ ಮಾರ್ಗದರ್ಶನದಲ್ಲಿ ಜಪಾನ್ 18 ವರ್ಷದೊಳಗಿನವರ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದಿತು.

ಮತ್ಸುಯಿಯ ನಂತರ ಬ್ಯಾಟ್ ಹಿಡಿದು ಬರುತ್ತಿದ್ದವನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅವನಿಗೆ ಐದು ಸಲವೂ ಒಂದೇ ಸಂದೇಶ: ಅವನಿಗೆ ಹೆದರುತ್ತೇವೆ, ನಿನಗಲ್ಲ. ಹದಿನೇಳು ಹದಿನೆಂಟರ ಪ್ರಾಯದಲ್ಲಿ 50 ಸಾವಿರ ಜನರ ಎದುರು ಇದನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆ? ಉರ್ದುವಿನಲ್ಲಿ 'ಲಿಹಾಜ್' ಎಂದೊಂದು ಮಾತಿದೆ. ಎದುರಿಗಿರುವವನ ಮಾನಕ್ಕೆ ಕುಂದು ಬಾರದಂತೆ ನಡೆದುಕೊಳ್ಳುವ ಎಚ್ಚರ ಎನ್ನಬಹುದು. ಕನ್ನಡದ 'ದಾಕ್ಷಿಣ್ಯ' ಅದರ ಹತ್ತಿರ ಬರುತ್ತದೆ, ಆದರೆ ದಾಕ್ಷಿಣ್ಯದಲ್ಲಿ ಒಂದಿಷ್ಟು ಅಳುಕೂ ಬೆರೆತಿದೆ. ಲಿಹಾಜ್‌ನಲ್ಲಿ ಅಳುಕಿಲ್ಲ. ಈ ಹುಡುಗನ ಲಿಹಾಜ್ ಯಾರಿಗೂ ಇರಲಿಲ್ಲ. ಮತ್ಸುಯಿಗಾಗಿ ಬೊಬ್ಬೆ ಹೊಡೆದ ಜನಕ್ಕೂ ಇರಲಿಲ್ಲ. 'ಹೊಡೆಯಬಲ್ಲವನು ಅವನೊಬ್ಬನೇ' ಎಂದು ಅವರೂ ಸಾರುತ್ತಲೇ ಇದ್ದರಲ್ಲ.

ಅಮೆರಿಕೆಯ ಎರಡು ಪ್ರಸಂಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2018ರ ಜೂನ್‌ನಲ್ಲಿ ಮಿನ್ನೆಸೋಟ ರಾಜ್ಯದ ಪ್ರೌಢಶಾಲಾ ಪ್ಲೇಆಫ್ ಪಂದ್ಯದಲ್ಲಿ ಮೌಂಡ್ಸ್ ವ್ಯೂ ಶಾಲೆಯ ಪಿಚರ್ ಕೊನೆಯ ಬ್ಯಾಟ್ಸ್‌ಮನ್‌ನನ್ನು ಔಟ್ ಮಾಡಿದ. ಔಟಾದವನು ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದ ಗೆಳೆಯ. ತನ್ನ ತಂಡದವರು ಸಂಭ್ರಮಿಸಲು ನುಗ್ಗಿ ಬರುತ್ತಿದ್ದರೆ ಇವನು ಅವರನ್ನು ಬಿಟ್ಟು ನೇರ ಗೆಳೆಯನ ಬಳಿಗೆ ಓಡಿ ತಬ್ಬಿಕೊಂಡ. ಅದರ ವೀಡಿಯೊ ಲೋಕವೆಲ್ಲ ಸುತ್ತಿತು. ಚಂದದ ನಡತೆ. ಆದರೆ ಗೆದ್ದಾಗಿತ್ತು, ಕೆಲವು ಸೆಕೆಂಡುಗಳಲ್ಲದೆ ಅದಕ್ಕೆ ಬೇರೆ ಖರ್ಚಿರಲಿಲ್ಲ.

ಖರ್ಚಿದ್ದದ್ದು 2008ರ ಏಪ್ರಿಲ್ 26ರಂದು, ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್‌ನಲ್ಲಿ. ಕಾಲೇಜು ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಪಂದ್ಯ ಅದು. ವೆಸ್ಟರ್ನ್ ಆರೆಗಾನ್ ತಂಡದ ಅಂತಿಮ ವರ್ಷದ ಹುಡುಗಿಯೊಬ್ಬಳು ತನ್ನ ಜೀವನದ ಮೊದಲ ಹೋಮ್‌ರನ್ ಹೊಡೆದಳು. ಸಂಭ್ರಮದಲ್ಲಿ ಮೊದಲ ಬೇಸನ್ನು ಮುಟ್ಟದೆ ಮುಂದೆ ಹೋಗಿ, ತಿರುಗಿ ಬರುವಾಗ ಮಂಡಿ ಮುರುಟಿ ಕುಸಿದಳು. ಅವಳ ತಂಡದವರು ಮುಟ್ಟುವಂತಿಲ್ಲ, ಬದಲಿ ಓಟಗಾರ್ತಿ ಬಂದರೆ ಹೋಮ್‌ರನ್ ಲೆಕ್ಕಕ್ಕಿಲ್ಲ ಎಂದರು ಅಂಪೈರುಗಳು. (ಅದು ನಿಯಮದ ತಪ್ಪು ಓದು ಎಂದು ಆಮೇಲೆ ತಿಳಿಯಿತು.) ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಹುಡುಗಿಯೊಬ್ಬಳು 'ನಾವು ಎತ್ತಿಕೊಂಡು ಹೋಗಬಹುದೇ' ಎಂದು ಕೇಳಿದಳು. ಎತ್ತಿಕೊಳ್ಳಬಾರದೆಂದು ನಿಯಮ ಎಲ್ಲೂ ಹೇಳಿರಲಿಲ್ಲ. ಇಬ್ಬರು ಸೇರಿ ಅವಳನ್ನು ಹೊತ್ತು, ಒಂದೊಂದು ಬೇಸಿನಲ್ಲೂ ಅವಳ ಪಾದವನ್ನು ಮೆಲ್ಲಗೆ ತಾಗಿಸಿ ಮನೆ ಮುಟ್ಟಿಸಿದರು. ಆ ಪಂದ್ಯವನ್ನು ಅವರು 2-4ರಿಂದ ಸೋತರು. ಇದೂ ನಿಯಮದೊಳಗಿನದೇ. ಆ ಬಿಟ್ಟ ಜಾಗದಲ್ಲೇ ಕೋಶಿಯೆನ್‌ನಲ್ಲಿ ಇಪ್ಪತ್ತು ಚೆಂಡುಗಳು ಹಾದುಹೋದವು, ಇಲ್ಲಿ ಒಬ್ಬ ಹುಡುಗಿ ಹಾದುಹೋದಳು. ಕೊಟ್ಟವರು ಇಲ್ಲಿ ಆಡುತ್ತಿದ್ದವರೇ, ಯಾವ ಹಿರಿಯರೂ ಅವರ ಪರವಾಗಿ ಔದಾರ್ಯ ತೋರಲಿಲ್ಲ. ಕೋಶಿಯೆನ್‌ನ ಹುಡುಗನಿಗೆ 'ಏನಪ್ಪಾ, ನಿನ್ನ ಮನಸ್ಸಿಗೇನಿದೆ' ಎಂದು ಕೇಳಿದ್ದರೆ ಏನು ಹೇಳುತ್ತಿದ್ದನೋ. 'ಗೆಲ್ಲಬೇಕು' ಎಂದೇ ಹೇಳುತ್ತಿದ್ದನೇನೋ. ಆಗ ಆ ಇಪ್ಪತ್ತು ಚೆಂಡುಗಳು ಅವನವೇ ಆಗುತ್ತಿದ್ದವು.

ಇನ್ನು ನೋಡುಗರು. ನಮ್ಮ ಕೋಪವೆಲ್ಲ ಇರುವುದು ಅವರ ಮೇಲೆ. ಏನನ್ನೂ ಪಣಕ್ಕಿಡದವರು, ನೀತಿಯ ಹೆಸರಿನಲ್ಲಿ ಮಕ್ಕಳ ಮೇಲೆ ವಸ್ತುಗಳನ್ನು ತೂರಿದವರು. ಗ್ಯಾಲರಿಗೆ ಬೇರೆ ಗುಣವೂ ಸಾಧ್ಯವಿದೆ. 1999ರ ಜನವರಿ 31ರಂದು ಚೆನ್ನೈಯಲ್ಲಿ ಭಾರತ 12 ರನ್ನುಗಳಿಂದ ಸೋತಾಗ ಚೆಪಾಕ್‌ನ ಜನ ಎದ್ದುನಿಂತು ಪಾಕಿಸ್ತಾನದ ತಂಡಕ್ಕೆ ಚಪ್ಪಾಳೆ ತಟ್ಟಿದ್ದರು. ಎದುರಾಳಿಯ ಒಳ್ಳೆಯ ಆಟಕ್ಕೆ ಚಪ್ಪಾಳೆ ತಟ್ಟುವ ಮೊದಲು ಒಮ್ಮೆ ಅಕ್ಕಪಕ್ಕ ನೋಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಯಾರಿಗೆ, ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಂದು ಚೆಪಾಕ್‌ನಲ್ಲಿ ಅದರ ಅಗತ್ಯ ಬೀಳಲಿಲ್ಲ.

ಬೇಸ್‌ಬಾಲ್‌ನ ನಿಯಮ ಈಗ ಬದಲಾಗಿದೆ. ಬ್ಯಾಟ್ಸ್‌ಮನ್‌ನನ್ನು ಬೇಕೆಂದೇ ದಾಟಿಸಬೇಕಾದರೆ ನಾಲ್ಕು ಚೆಂಡು ಎಸೆಯಬೇಕಾಗಿಲ್ಲ, ತಂಡದ ಕಡೆಯಿಂದ ಅಂಪೈರಿಗೆ ಒಂದು ಸನ್ನೆ ಸಾಕು. ಅಮೆರಿಕೆಯ ಮೇಜರ್ ಲೀಗ್ ಇದನ್ನು 2017ರಲ್ಲಿ ತಂದಿತು, ಜಪಾನಿನ ವೃತ್ತಿಪರ ಆಟಕ್ಕೆ 2018ರಲ್ಲಿ ಬಂತು, 2020ರಿಂದ ಶಾಲಾ ಆಟದಲ್ಲೂ ಇದೆ. ಸಮಯ ಉಳಿಯುತ್ತದೆಂದು ಕಾರಣ ಕೊಟ್ಟಿದ್ದಾರೆ. ಹಿರಿಯರ ನಿರ್ಧಾರವನ್ನು ಹುಡುಗನೊಬ್ಬ ಇಪ್ಪತ್ತು ಸಲ ತೋಳು ಬೀಸಿ ಜಾರಿ ಮಾಡಬೇಕಾದ ಪ್ರಸಂಗ ಇನ್ನಿಲ್ಲ. ಮೊದಲ ಬೇಸಿಗೆ ಹೋಗುವವನು ಹೋಗುತ್ತಾನೆ. ಅವನ ನಂತರದವನು ಮಾತ್ರ ಈಗಲೂ ಬ್ಯಾಟ್ ಹಿಡಿದು ಬರಬೇಕು.