ದಾಮಾಜಿಪಂತರ ಲೆಕ್ಕ

ಹಸಿದವನ ಮುಂದೆ ನಿಂತಾಗ ನಿಯಮ ದೊಡ್ಡದೋ, ನಿಯಮವನ್ನು ನಡೆಸುವವನ ವಿವೇಕ ದೊಡ್ಡದೋ? ಸೊಲ್ಲಾಪುರ ಸೀಮೆಯಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರ ಮಂಗಳವೇಢೆಯ ದಾಮಾಜಿಪಂತರದು. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರೆನ್ನುವ ಅದೇ ಊರಿನಲ್ಲಿ, ಹದಿನೈದನೆಯ ಶತಮಾನದ ಬರಗಾಲದಲ್ಲಿ, ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ಅವರು ಅಪ್ಪಣೆಗೆ ಕಾಯದೆ ಸರಕಾರಿ ಕಣಜಗಳನ್ನು ಜನರಿಗೆ ತೆರೆದರು. ಬೀದರದಿಂದ ಕರೆ ಬಂದಿತು. ಪಂಢರಪುರದ ವಿಠ್ಠಲನೇ ವಿಠೂ ಮಹಾರನ ವೇಷದಲ್ಲಿ ದರ್ಬಾರಿಗೆ ಹೋಗಿ, ಧಾನ್ಯದ ಹಣ ತುಂಬಿ, ಪಾವತಿ ಪಡೆದು ಅವರನ್ನು ಉಳಿಸಿದನೆಂದು ಭಕ್ತರ ಕಥೆ.

ಕಥೆ ಕೇಳಿ ಕೈಮುಗಿಯುವ ನಾವು ಅದರೊಳಗಿನ ತೊಡಕನ್ನು ಗಮನಿಸುವುದು ಕಡಿಮೆ. ಅಪ್ಪಣೆ ಮೀರುವ ಸ್ವಾತಂತ್ರ್ಯ ದಾಮಾಜಿಪಂತರಿಗೆ ಸಲ್ಲುವುದಾದರೆ, ತನ್ನ ಬಂಧುಗಳಿಗಷ್ಟೇ ಕಣಜ ತೆರೆಯುವವನಿಗೂ, ಹಿತ್ತಲ ಬಾಗಿಲಿನಿಂದ ವ್ಯಾಪಾರಿಗೆ ಮಾರುವವನಿಗೂ ಅದು ಸಂದಂತೆಯೇ. ನಿಯಮಗಳು ಹುಟ್ಟಿದ್ದು ಇಂಥವರ ಭಯದಿಂದ. ಕಾರಕೂನನ ಕರುಣೆಗಿಂತ ತನ್ನ ಹಕ್ಕಿನ ಸೇರು ಜೋಳವನ್ನೇ ಬಡವನು ಹೆಚ್ಚು ನಂಬುತ್ತಾನೆ. ಅದು ಸರಿಯೂ ಹೌದು.

ಆದರೆ ನಿಯಮವೂ ಕೊಲ್ಲಬಲ್ಲದೆಂಬುದನ್ನು 1876–78ರ ಮಹಾಬರ ತೋರಿಸಿತು. ಸೊಲ್ಲಾಪುರಕ್ಕೆ ರೈಲು 1860ರಲ್ಲಿಯೇ ಬಂದಿತ್ತು. ಧಾನ್ಯ ತರಲು ದಾರಿಯಿತ್ತು. ಕೊಳ್ಳುವ ಶಕ್ತಿ ಜನರಲ್ಲಿ ಉಳಿದಿರಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಪಡಿಸಿದನು. ಮುಂಬಯಿ ಪ್ರಾಂತ್ಯದ ಕೂಲಿಗಳು ಹಸಿವೆಯಲ್ಲಿಯೂ ಕೆಲಸ ಬಿಟ್ಟು ಪ್ರತಿಭಟಿಸಿದರು. ವಿಚಿತ್ರವೆಂದರೆ, ಕೆಲವೇ ವರ್ಷಗಳ ಹಿಂದೆ, 1873–74ರ ಬಿಹಾರದ ಬರದಲ್ಲಿ, ಬರ್ಮಾದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿ ಸಾವನ್ನು ಬಹುಮಟ್ಟಿಗೆ ತಡೆದವನೂ ಇದೇ ಟೆಂಪಲ್! ಆಗ ಅವನಿಗೆ ದುಂದುಗಾರನೆಂಬ ಹೆಸರು ಬಂದಿತ್ತು. ಉದಾರತೆಗಾಗಿ ಬೈಸಿಕೊಂಡ ಅಧಿಕಾರಿ ಮುಂದಿನ ಸಲ ಅಳತೆಗೋಲಿನ ಹಿಂದೆ ಅವಿತುಕೊಂಡನೆಂದೇ ನನ್ನ ತಿಳಿವಳಿಕೆ.

ಆ ಸಾವುಗಳ ತರುವಾಯ 1880ರ ಬರಗಾಲ ಆಯೋಗ, 1883ರ ಬರಗಾಲ ಸಂಹಿತೆ ಬಂದವು. ಯಾವಾಗ, ಯಾರಿಗೆ, ಎಷ್ಟು ಎಂಬುದು ಬರಹಕ್ಕಿಳಿದದ್ದು ಒಳ್ಳೆಯದೇ ಆಯಿತು. ನನಗೆ ಕಾಣುವ ಭೇದವಿಷ್ಟು: “ಇದಕ್ಕಿಂತ ಕಡಿಮೆ ಕೊಡಕೂಡದು” ಎನ್ನುವ ನಿಯಮ ಹಸಿದವನ ಪಕ್ಷ; “ಇದಕ್ಕಿಂತ ಹೆಚ್ಚು ಕೊಡಕೂಡದು” ಎನ್ನುವುದು ಖಜಾನೆಯ ಪಕ್ಷ. ಎರಡನ್ನೂ ನಿಯಮವೆಂದೇ ಕರೆಯುವುದರಿಂದ ನಾವು ಮೋಸಹೋಗುತ್ತೇವೆ.

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಅನ್ನಛತ್ರವಿದೆ. ಗುರುವಾರ, ಹುಣ್ಣಿಮೆಗಳಂದು ಜನ ಹೆಚ್ಚೆಂಬ ಅಂದಾಜು ಎಲ್ಲರಿಗೂ ಉಂಟು. ಅಂದಾಜು ತಪ್ಪುವುದೂ ಉಂಟು. ಇಂಥ ಕಡೆ ಪಂಕ್ತಿಯನ್ನು ನೋಡಿ ಇನ್ನೊಂದು ಹಂಡೆ ಏರಿಸುವವನು ಯಾರ ಸಹಿಗೂ ಕಾಯಲಾರ. ಆದರೆ ಅಲ್ಲಿ ಉಣ್ಣುವವರು ತಾವಾಗಿ ನಡೆದು ಬರುತ್ತಾರೆ. ನೆರೆ ಬಂದಾಗ ಅನ್ನವೇ ನಡೆದು ಹೋಗಬೇಕು. 2020ರ ಅಕ್ಟೋಬರಿನಲ್ಲಿ ಬೋರಿ ನದಿ ಉಕ್ಕಿ ಇದೇ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಯಾದಿ ಬೇಕು, ಪಂಚನಾಮೆ ಬೇಕು, ರೇಷನ್ ಕಾರ್ಡು ಬೇಕು. ಮನೆ ಕೊಚ್ಚಿಹೋದವರ ಕಾರ್ಡೂ ಅದರೊಡನೆ ಹೋಗಿರುತ್ತದೆ. ಯಾದಿಯಲ್ಲಿ ಹೆಸರಿಲ್ಲದ, ಬೇರೆ ಊರಿನಿಂದ ಕಬ್ಬು ಕಡಿಯಲು ಬಂದ ಕುಟುಂಬವೊಂದು ಸಾಲಿನಲ್ಲಿ ನಿಂತರೆ, ತಲಾಠಿ ಒಂದು ಚೀಲ ಧಾನ್ಯ ಕೊಡಬಹುದೇ? ಕೊಡಬಹುದೆಂದೂ, ಕೊಟ್ಟದ್ದನ್ನು ಅಂದೇ ಎಲ್ಲರೆದುರು ಓದಿ ಬರೆದಿಡಬೇಕೆಂದೂ ನೆರೆಗೆ ಮೊದಲೇ ಯೋಜನೆಯಲ್ಲಿ ಬರೆದಿರಬೇಕು. ಹಾಗೆ ಬರೆಯದಿದ್ದರೆ, ಆರು ತಿಂಗಳ ಮೇಲೆ ಲೆಕ್ಕಪರಿಶೋಧಕರು ಬಂದು ಆ ಒಂದು ಚೀಲವನ್ನು ಕೇಳುವರು. ಆಗ ತಲಾಠಿಯ ಪರವಾಗಿ ಹಣ ತುಂಬಿ ಪಾವತಿ ತರಲು ಪಂಢರಪುರದಿಂದ ಯಾರೂ ಬರುವುದಿಲ್ಲ.